ಕಾಲ ದುಡಿಯುತ್ತದೆಯೇ?

ತಿಕೋಟಾದ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: ‘ಕಾಲ ಕ್ರಿಯಾಶೀಲ, ಹಾಗಾಗಿ ಪುರುಷ, ದೇಶ (ಅಂದರೆ ವಸ್ತುಗಳಿರುವ ಜಾಗ) ಜಡ, ಹಾಗಾಗಿ ಪ್ರಕೃತಿ. ಸಾಂಖ್ಯ ದರ್ಶನ ಹೇಳುವುದು ಇದನ್ನೇ, ಬಾದಾಮಿಯ ಅರ್ಧನಾರೀಶ್ವರ ತೋರಿಸುವುದೂ ಇದನ್ನೇ. ನಮ್ಮ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸುವುದೂ ಕಾಲವೇ. ಹೌದೋ ಅಲ್ಲೋ, ವಿಜ್ಞಾನ ಇದಕ್ಕೆ ಏನೆನ್ನುತ್ತದೆ, ಹೇಳಿ.’

ಅಲ್ಲರೀ. ಸಾಂಖ್ಯದಲ್ಲಿ ಲೆಕ್ಕ ತಿರುವುಮುರುವು: ಕೆಲಸವೆಲ್ಲ ಜಗತ್ತಿನ ಮೂಲವಾದ ಪ್ರಕೃತಿಯದು, ಚೇತನನಾದ ಪುರುಷ ಬರೀ ಸಾಕ್ಷಿ. ಮೇಲಾಗಿ ಅದರ 25 ತತ್ತ್ವಗಳಲ್ಲಿ ಕಾಲವೂ ಇಲ್ಲ, ದಿಕ್ಕೂ (ನೀವು ದೇಶ ಎಂದದ್ದು) ಇಲ್ಲ. ಬಾದಾಮಿಯ ಮೊದಲ ಗುಹೆಗೆ ಹೋದಾಗ ಅರ್ಧನಾರೀಶ್ವರನ ಪಕ್ಕ ಎಲುಬಿನ ಹಂದರವಾಗಿ ನಿಂತ ಶಿವಭಕ್ತ ಭೃಂಗಿಯನ್ನೂ ನೋಡಿ. ದೇವಿಯನ್ನು ಬಿಟ್ಟು ಶಿವನಿಗಷ್ಟೇ ಸುತ್ತು ಹಾಕುತ್ತೇನೆಂದು ಹಟ ಹಿಡಿದು ರಕ್ತಮಾಂಸ ಕಳೆದುಕೊಂಡವನು ಅವನು. ಶಕ್ತಿಯನ್ನು ಜಡ ಎನ್ನುವವರಿಗೆ ಆ ಶಿಲ್ಪ ಸಾಕ್ಷಿ ಹೇಳಲಾರದು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ವೈಶೇಷಿಕರಲ್ಲಿ, ಅಂದರೆ ಜಗತ್ತಿನಲ್ಲಿರುವುದನ್ನೆಲ್ಲ ವಿಂಗಡಿಸಿ ನೋಡುವ ಇನ್ನೊಂದು ದರ್ಶನದವರಲ್ಲಿ. ಅವರ ಒಂಬತ್ತು ದ್ರವ್ಯಗಳಲ್ಲಿ ಕಾಲವೂ ಒಂದು, ದಿಕ್ಕೂ ಒಂದು. ಹಿರಿಯ–ಕಿರಿಯ ಎಂಬ ತಿಳಿವಳಿಕೆಯಿಂದ ಕಾಲವನ್ನು, ದೂರ–ಹತ್ತಿರ ಎಂಬುದರಿಂದ ದಿಕ್ಕನ್ನು ಊಹಿಸುತ್ತಾರೆ. ಎರಡೂ ನಿತ್ಯ, ಎರಡೂ ಸರ್ವವ್ಯಾಪಿ, ಎರಡೂ ನಿಷ್ಕ್ರಿಯ. ಎಲ್ಲೆಡೆ ಇರುವುದು ಅಲ್ಲಾಡುವುದಾದರೂ ಎಲ್ಲಿಗೆ?

ಈಗ ನಿಮ್ಮ ದ್ರಾಕ್ಷಿ. ಬೇಗ ಒಣಗಲೆಂದು ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ ತೆಗೆದ ಗೊನೆ ಬಲೆಯ ಮೇಲೆ ಸುಮಾರು ಹದಿನೈದು ದಿನದಲ್ಲಿ ಒಣಗುತ್ತದೆ. ನಡುವೆ ಮೋಡ ಕವಿದು ಅಕಾಲಿಕ ಮಳೆ ಹಿಡಿದರೆ ಅದೇ ಹದಿನೈದು ದಿನದಲ್ಲಿ ಬೂಷ್ಟು ಬರುತ್ತದೆ. ಒಣಗಿಸಿದ್ದು ಕಾಲವಾಗಿದ್ದರೆ ಮೋಡಕ್ಕೆ ಯಾಕೆ ಹೆದರಬೇಕಿತ್ತು? ದುಡಿದದ್ದು ಒಣ ಗಾಳಿ, ಬಿಸಿ. ಹೆಸರು ಬಂದದ್ದು ಕಾಲಕ್ಕೆ.

‘ಹುಟ್ಟುವ ಪ್ರತಿಯೊಂದಕ್ಕೂ ಕಾಲ ನಿಮಿತ್ತಕಾರಣ (ಹುಟ್ಟಲು ನೆರವಾಗುವ ಕಾರಣ) ಎಂದು ಅವರೇ ಹೇಳುತ್ತಾರಲ್ಲ’ ಎಂದು ನೀವು ನನ್ನನ್ನು ಹಿಡಿಯಬಹುದು. ಹೇಳುತ್ತಾರೆ, ನಿಜ. ಆದರೆ ಅದು ಎಲ್ಲ ಕಾರ್ಯಗಳಿಗೂ ಸಮನಾಗಿ ಬೇಕಾದ ಸಾಧಾರಣ ಕಾರಣ, ಮತ್ತು ಆ ಪಟ್ಟಿಯಲ್ಲಿ ದಿಕ್ಕೂ ಇದೆ. ಕಾಲಕ್ಕೆ ಮಾತ್ರ ಮೀಸೆ ಬರೆಯಲು ಆಗುವುದಿಲ್ಲ.

ವಿಜ್ಞಾನದ ಬಗ್ಗೆಯೂ ಕೇಳಿದ್ದೀರಿ. 1687ರಲ್ಲಿ ನ್ಯೂಟನ್ ಹೇಳಿದ ನಿರಪೇಕ್ಷ ದೇಶ, ಕಾಲ ಎರಡನ್ನೂ ಯಾವ ವಸ್ತುವೂ ಅಲುಗಿಸಲಾರದು. ಐನ್‌ಸ್ಟೈನ್ 1915ರಲ್ಲಿ ಅದನ್ನು ಮುರಿದ: ವಸ್ತು ದೇಶಕಾಲವನ್ನು ಬಾಗಿಸುತ್ತದೆ, ಬಾಗಿದ ದೇಶಕಾಲ ವಸ್ತುವಿನ ಹಾದಿಯನ್ನು ತಿದ್ದುತ್ತದೆ. ಕೊಡುವುದು, ಪಡೆಯುವುದು ನಡೆದಿರುವುದು ವಸ್ತುವಿಗೂ ದೇಶಕಾಲಕ್ಕೂ ನಡುವೆ. ಕಾಲಕ್ಕೂ ದೇಶಕ್ಕೂ ನಡುವೆ ಅಲ್ಲ. ಅವೆರಡನ್ನೂ ಗಣಿತಜ್ಞ ಮಿಂಕೋವ್‌ಸ್ಕಿ 1908ರಲ್ಲೇ ಒಂದು ಮಾಡಿಬಿಟ್ಟಿದ್ದ.

— ಸಂ.