ಸೂಜಿ, ದಾರ, ಕುಂಕುಮ: ಇದರಲ್ಲಿ ಕಲೆ ಎಲ್ಲಿದೆ?

ನೀವು ಕೇಳಿದ್ದು ಇಷ್ಟು: "ಹೆಣ್ತನದ ಬಗ್ಗೆ ಕೆಲಸ ಮಾಡುವ ಕಲಾವಿದೆಯರ ಫೋಟೋ ನೋಡಿದೆ. ಸೂಜಿ, ದಾರ, ಕುಂಕುಮ, ವೇಷ. ಇವೆಲ್ಲ ವಿಜಯಪುರದ ನಮ್ಮ ಮನೆಯಲ್ಲೂ ಇವೆ. ಇದರಲ್ಲಿ ಕಲೆ ಎಲ್ಲಿದೆ?"

ನಾನು ಇಳಕಲ್ಲಿನವಳು, ನೇಕಾರರ ಮನೆ. ನಿಮ್ಮ ಪ್ರಶ್ನೆ ನನಗೂ ಇತ್ತು. ಅದನ್ನು ಬಿಡಿಸಿದ್ದು ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ 1998ರ ಒಂದು ಕೃತಿ, 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್'. ನನ್ನ ನೋವನ್ನು ಅವನಿಗೆ ಹೇಳು ಅಂತ. ಉದ್ದನೆಯ ದಾರವನ್ನು ಸೂಜಿಯ ಕಣ್ಣಿಗೆ ಪೋಣಿಸಿ, ಸೂಜಿ ನಟ್ಟನಡುವೆ ಬರುವವರೆಗೂ ಎಳೆದಿದ್ದಾರೆ. ಇಂಥ ಎಷ್ಟೋ ಎಳೆ ಸೇರಿಸಿ, ಅಂಟು, ಕುಂಕುಮ ಬಳಿದು ಹಗ್ಗ ಮಾಡಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು. ಆ ಕೆಂಪು ಹಗ್ಗ ಗೋಡೆಯಿಂದ ನೆಲಕ್ಕೆ ಕರುಳಿನ ಹಾಗೆ ಸುತ್ತಿಕೊಂಡು ಬಿದ್ದಿರುತ್ತದೆ.

ಫೋಟೋವನ್ನು ಅವ್ವನಿಗೆ ತೋರಿಸಿದೆ. ಅವಳು ಕೇಳಿದ್ದು ಒಂದೇ. "ಇಷ್ಟೂ ಸೂಜಿಗೆ ದಾರ ಪೋಣಿಸಿದವರು ಯಾರವ್ವಾ?"

ನನಗೆ ಮಾತೇ ಬರಲಿಲ್ಲ. ನಮ್ಮ ಮನೆಯಲ್ಲಿ ಮಗ್ಗಕ್ಕೆ ಕೂರುವುದು ಅಪ್ಪ. ನೇಯಲು ಬೇಕಾದ ನೂಲಿನ ಕಂಡಿಕೆ ಸುತ್ತುವುದು ಅವ್ವ. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಮಗ್ಗದ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸಬೇಕು. ಅದಕ್ಕೂ ಅವ್ವನೇ ಬೇಕು. ಸೀರೆ ಮಾತ್ರ "ಅಪ್ಪ ನೇಯ್ದದ್ದು". ಶಾಲೆಯ ಅರ್ಜಿಯಲ್ಲಿ ತಾಯಿಯ ಉದ್ಯೋಗ ಅಂತ ಇದ್ದಲ್ಲಿ ನಾನೇ ಕೈಯಾರೆ "ಮನೆಗೆಲಸ" ಅಂತ ಬರೆದಿದ್ದೆ. ಅವ್ವನ ಪ್ರಶ್ನೆ ಕೇಳುವವರೆಗೂ ಅದು ತಪ್ಪು ಅಂತ ಹೊಳೆದಿರಲೇ ಇಲ್ಲ. ಕೈಗೆ ಅಷ್ಟು ಪರಿಚಯವಾದ ವಸ್ತು ಕಣ್ಣಿಗೆ ಬೀಳುವುದೇ ಇಲ್ಲ, ಅಲ್ವಾ? ಶೀಲಾ ಅವರು ಅದನ್ನು ಕಣ್ಣಿಗೆ ಬೀಳಿಸಿದರು. ನನ್ನ ಪ್ರಕಾರ ಕಲೆ ಇರುವುದು ಅಲ್ಲಿ.

ಅಮೆರಿಕದ ಕಲಾವಿದೆ ಜೂಡಿ ಚಿಕಾಗೊ ಅವರ 'ಡಿನ್ನರ್ ಪಾರ್ಟಿ'ಯಿಂದ ಶುರು ಮಾಡಿ ಅಂತ ತುಂಬಾ ಜನ ಹೇಳುತ್ತಾರೆ. 39 ಮಹಿಳೆಯರಿಗೆ ಊಟದ ಮೇಜಿನಲ್ಲಿ ಜಾಗ ಹಾಕಿದ ದೊಡ್ಡ ಕೃತಿ ಅದು, ನೋಡಿ. ಆದರೆ ನೀವು ವಿಜಯಪುರದವರು, ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ನಿಮಗೆ ಹತ್ತಿರ. 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಅವರು ದಕ್ಷಿಣ ಭಾರತದ ಹೆಂಗಸರ 'ಮಾದರಿ' ಚಿತ್ರಗಳನ್ನು ತಾವೇ ವೇಷ ಹಾಕಿ ಮತ್ತೆ ತೆಗೆಸಿದರು. ಒಂದರಲ್ಲಿ ರವಿವರ್ಮ ಶೈಲಿಯ ಲಕ್ಷ್ಮಿ. ಇನ್ನೊಂದರಲ್ಲಿ ಪತ್ರಿಕೆಯಲ್ಲಿ ಬಂದ ಸರಗಳ್ಳಿ. ಮತ್ತೊಂದರಲ್ಲಿ ನಿಮ್ಮೂರಿನ ಆದಿಲ್‌ಶಾಹಿ ಕಾಲದ ಹಳೆಯ ಚಿತ್ರವೊಂದರ ಯೋಗಿನಿ. ಮುಖ ಒಂದೇ. ಪರದೆ, ಒಡವೆ, ನಿಲುವು ಬದಲಾದರೆ ಒಬ್ಬಳಿಗೆ ನಾವು ಕೈ ಮುಗಿಯುತ್ತೇವೆ, ಇನ್ನೊಬ್ಬಳನ್ನು ಅನುಮಾನದಿಂದ ನೋಡುತ್ತೇವೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಂ ಎಂದಿತ್ತು.

ಹಾಗಂತ ಎಲ್ಲವೂ ಚೆನ್ನಾಗಿರುವುದಿಲ್ಲ. ಸುಮ್ನೆ ಕುಂಕುಮ ಚೆಲ್ಲಿ "ಹೆಣ್ಣಿನ ನೋವು" ಅಂತ ಹೆಸರಿಟ್ಟ ಕೆಲಸಗಳೂ ಇವೆ. ಅಲ್ಲಿ ನಿಮ್ಮ ಅನುಮಾನ ಸರಿಯೇ.

ಮೈನಾ ಹಿಡಿದ ಬಿಜಾಪುರದ ಹಳೆಯ ಯೋಗಿನಿಯ ಚಿತ್ರ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹಾಲಯದಲ್ಲಿದೆ, ಆನ್‌ಲೈನಿನಲ್ಲಿ ಸಿಗುತ್ತದೆ. ಅದನ್ನೂ ಪುಷ್ಪಮಾಲಾ ಅವರ ಯೋಗಿನಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನೆಯಲ್ಲಿ ಅವ್ವ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ.