ಗಂಟಲ ಕ್ಯಾನ್ಸರ್ ಚಿಕಿತ್ಸೆಯ ನಡುವೆ ಪತಿ ಊಟ ಬಿಟ್ಟಿದ್ದಾರೆ, ಮಾತು ಬಿಟ್ಟಿದ್ದಾರೆ. ನಾನು ಹೇಗೆ ನೋಡಿಕೊಳ್ಳಲಿ?

ಪತಿಗೆ ಗಂಟಲ ಕ್ಯಾನ್ಸರ್, ರೇಡಿಯೇಶನ್ ಜೊತೆಗೆ ಸಿಸ್ಪ್ಲಾಟಿನ್ ಕೀಮೊ, ಈಗ ನಾಲ್ಕನೆಯ ವಾರ ಎಂದು ಬರೆದಿದ್ದೀರಿ. ಏನು ಮಾಡಿಕೊಟ್ಟರೂ ತಳ್ಳುತ್ತಾರೆ, ಮಾತನಾಡಿಸಿದರೆ ಗೋಡೆಯ ಕಡೆ ತಿರುಗುತ್ತಾರೆ, ನಿನ್ನೆಯಂತೂ ‘ಸಾಕು, ಇನ್ನು ಆಸ್ಪತ್ರೆಗೆ ಬರುವುದಿಲ್ಲ’ ಎಂದರು, ನನ್ನ ಆರೈಕೆಯಲ್ಲಿ ಎಲ್ಲಿ ಕೊರತೆಯಾಗಿದೆ ಎಂದು ಕೇಳಿದ್ದೀರಿ. ನೀವು ಬರೆದಿರುವುದರಲ್ಲಿ ಕೊರತೆ ಯಾವುದೂ ನನಗೆ ಕಾಣಲಿಲ್ಲ. ಈ ಚಿಕಿತ್ಸೆಯಲ್ಲಿ ನಾಲ್ಕನೆಯ ವಾರ ಹೀಗೆಯೇ ಇರುತ್ತದೆ. ನಮ್ಮವರಿಗೂ ಇದೇ ಕಾಯಿಲೆ ಬಂದು ಇದೇ ಚಿಕಿತ್ಸೆ ಆಯಿತು, ಮನೆಯಲ್ಲಿ ನೋಡಿಕೊಂಡವಳು ನಾನು. ವೈದ್ಯರು ಹೇಳಬೇಕಾದ ಮಾತನ್ನು ಅವರೇ ಹೇಳಲಿ. ಮನೆಯೊಳಗೆ, ರಾತ್ರಿಯ ಹೊತ್ತು, ಹೆಂಡತಿಯಾದವಳ ಕೈಗೆ ಬರುವ ಕೆಲಸಗಳ ಬಗ್ಗೆ ನಾನು ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಅವರು ತಿನ್ನದಿರುವುದು ಹಟದಿಂದಲ್ಲ, ನೋವಿನಿಂದ. ಊಟದ ಜಗಳವನ್ನು ಇವತ್ತಿಗೇ ನಿಲ್ಲಿಸಿ, ನೋವಿನ ಬೆನ್ನು ಹತ್ತಿ.

ಬಾಯಿ ಮತ್ತು ಗಂಟಲಿನ ಒಳಪೊರೆ ಸದಾ ಸವೆಯುತ್ತಾ ಹೊಸದಾಗಿ ಹುಟ್ಟುತ್ತಾ ಇರುವಂಥದ್ದು. ವಿಕಿರಣವು ವೇಗವಾಗಿ ಹುಟ್ಟುವ ಜೀವಕೋಶಗಳ ಮೇಲೆಯೇ ಬಲವಾಗಿ ಬೀಳುವುದರಿಂದ, ಎರಡನೆಯ ಅಥವಾ ಮೂರನೆಯ ವಾರದ ಹೊತ್ತಿಗೆ ಹಳೆಯ ಪೊರೆ ಉದುರಿ ಹೊಸದು ಬಾರದೆ ಒಳಗೆಲ್ಲ ಹಸಿಗಾಯವಾಗುತ್ತದೆ. ಕೀಮೊ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮನುಷ್ಯ ದಿನಕ್ಕೆ ನೂರಾರು ಬಾರಿ ತನಗೇ ತಿಳಿಯದಂತೆ ಎಂಜಲು ನುಂಗುತ್ತಾನೆ. ನಿಮ್ಮ ಪತಿಗೆ ಆ ಪ್ರತಿಯೊಂದು ನುಂಗುವಿಕೆಯೂ ಈಗ ಗಾಯದ ಮೇಲೆ ಉಜ್ಜಿದಂತೆ. ಇಂಥ ಸ್ಥಿತಿಯಲ್ಲಿ ‘ಇನ್ನೊಂದೇ ತುತ್ತು’ ಎಂದು ಎಷ್ಟು ಪ್ರೀತಿಯಿಂದ ಹೇಳಿದರೂ ಆ ಕಿವಿಗೆ ಅದು ಬೆದರಿಕೆಯಾಗಿಯೇ ಕೇಳಿಸುತ್ತದೆ.

ಹಾಗಾದರೆ ಮಾಡಬೇಕಾದದ್ದು? ಮುಂದಿನ ಭೇಟಿಗೆ ಕಾಯದೆ ನಾಳೆಯೇ ವೈದ್ಯರಿಗೆ ನೋವು ಎಷ್ಟಿದೆ ಎಂದು ಹೇಳಿ. ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಎಷ್ಟು ಎಂದು ಅವರಿಂದಲೇ ಕೇಳಿ ಬರೆದುಕೊಳ್ಳಿ, ಸುಮ್ಮನಿರುವಾಗ ಒಂದು ಅಂಕಿ, ನುಂಗುವಾಗ ಇನ್ನೊಂದು. ಈ ಎರಡನೆಯ ಅಂಕಿಯನ್ನು ರೋಗಿಗಳು ಸಾಮಾನ್ಯವಾಗಿ ಹೇಳುವುದೇ ಇಲ್ಲ. ವೈದ್ಯರ ಮುಂದೆ ಕುಳಿತಾಗ ಯಾರೂ ನುಂಗುತ್ತಿರುವುದಿಲ್ಲವಲ್ಲ! ಈ ಹಂತದಲ್ಲಿ ಹಲವರಿಗೆ ಮಾರ್ಫಿನ್‌ನಂಥ ಬಲವಾದ ಔಷಧವೇ ಬೇಕಾಗುತ್ತದೆ. ಹೆಸರು ಕೇಳಿ ಹೆದರಬೇಡಿ. ಕ್ಯಾನ್ಸರ್ ನೋವಿಗೆ ವೈದ್ಯರು ಅಳೆದು ಕೊಟ್ಟು, ಗಾಯ ಮಾಯುತ್ತಿದ್ದಂತೆ ಹಂತಹಂತವಾಗಿ ಇಳಿಸುವ ಔಷಧ ಅದು. ಆದರೆ ನಿಯಮಗಳಿವೆ. ನೋವು ತಡೆಯಲಾಗದಾಗ ನುಂಗುವ ಮಾತ್ರೆಯಲ್ಲ ಅದು, ಗಡಿಯಾರ ನೋಡಿ ಕೊಡುವಂಥದ್ದು. ತಕ್ಷಣ ಕೆಲಸ ಮಾಡುವ ಪ್ರಮಾಣವನ್ನೂ ಬರೆದುಕೊಟ್ಟಿದ್ದರೆ ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ಕೊಟ್ಟು, ಅದು ಹಿಡಿದ ಮೇಲೆ ಲೋಟ ಮುಂದಿಡಿ. ನಮ್ಮ ಮನೆಯಲ್ಲಿ ಊಟದ ಹೊತ್ತು ಎನ್ನುವುದೇ ಹೋಗಿ, ಮದ್ದು ಹಿಡಿದ ಹೊತ್ತೇ ಊಟದ ಹೊತ್ತಾಯಿತು. ಮಂಪರು ಹೆಚ್ಚಾಗಿ ಎಬ್ಬಿಸಿದರೂ ಏಳದಂತಾದರೆ, ಉಸಿರು ತೀರ ನಿಧಾನವಾದರೆ, ಅದು ತುರ್ತು ಪರಿಸ್ಥಿತಿ.

ಮಾರ್ಫಿನ್ ಆರಂಭವಾದ ದಿನವೇ ಮಲಬದ್ಧತೆಗೂ ಔಷಧ ಆರಂಭವಾಗಬೇಕು. ಬರೆದುಕೊಡದಿದ್ದರೆ ಬಾಯಿಬಿಟ್ಟು ಕೇಳಿ. ವಾಂತಿ ತಡೆಯಲು ಕೊಡುವ ಒಂಡಾನ್‌ಸೆಟ್ರಾನ್ ಕೂಡ ಹೊಟ್ಟೆ ಕಟ್ಟಿಸುತ್ತದೆ, ಎರಡೂ ಸೇರಿದರೆ ಸಂಕಟ ಇಮ್ಮಡಿ. ಹೊಟ್ಟೆ ಬಿಗಿದ ಮನುಷ್ಯ ತಿನ್ನುವುದಿಲ್ಲ, ಹೊಟ್ಟೆ ಬಿಗಿದಿದೆ ಎಂದು ಹೇಳಿಕೊಳ್ಳುವುದೂ ಇಲ್ಲ. ಇನ್ನೊಂದು ಎಚ್ಚರಿಕೆ: ಐಬುಪ್ರೊಫೇನ್, ಡೈಕ್ಲೋಫಿನಾಕ್ ಥರದ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನೀವಾಗಿಯೇ ಕೊಡಬೇಡಿ. ಸಿಸ್ಪ್ಲಾಟಿನ್ ಈಗಾಗಲೇ ಮೂತ್ರಪಿಂಡದ ಮೇಲೆ ಭಾರ ಹೇರುತ್ತಿದೆ, ನೀರು ಕುಡಿಯುವುದೂ ಕಡಿಮೆಯಾಗಿದೆ, ಅದರ ಮೇಲೆ ಈ ಮಾತ್ರೆಗಳು ಬಿದ್ದರೆ ಅಪಾಯ. ಮೂತ್ರ ಕಡಿಮೆಯಾಗಿದೆ, ಗಾಢ ಬಣ್ಣಕ್ಕೆ ತಿರುಗಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ ಎಂದಾದರೆ ಅಂದೇ ಕರೆ ಮಾಡಿ. ಡ್ರಿಪ್ ಹಾಕಿಸಿಕೊಂಡು ಬಂದರೆ ಮರುದಿನದ ಮುಖವೇ ಬೇರೆ ಇರುತ್ತದೆ. ಕಿವಿಯಲ್ಲಿ ಗುಂಯ್‌ಗುಡುತ್ತಿದೆ ಎಂದರೆ ಅದನ್ನೂ ಮುಂದಿನ ಕೀಮೊಗೆ ಮೊದಲೇ ತಿಳಿಸಬೇಕು, ಸಿಸ್ಪ್ಲಾಟಿನ್ ಶ್ರವಣಶಕ್ತಿಗೆ ಧಕ್ಕೆ ಮಾಡಬಲ್ಲದು.

ಬಾಯಿ ತೊಳೆಯುವ ನೀರು ಮನೆಯಲ್ಲೇ ಆಗುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು. ಎಚ್ಚರವಿರುವಷ್ಟು ಹೊತ್ತೂ ಒಂದೆರಡು ಗಂಟೆಗೊಮ್ಮೆ ಬಾಯಿಯಲ್ಲಿ ಆಡಿಸಿ ಉಗುಳಲಿ, ನುಂಗುವುದು ಬೇಡ. ಆಲ್ಕೋಹಾಲ್ ಇರುವ ಮೌತ್‌ವಾಶ್ ದೂರವಿಡಿ. ಊಟ ಎಂಬ ಶಬ್ದವನ್ನೇ ಸ್ವಲ್ಪ ಕಾಲ ಮರೆತು, ನುಣ್ಣಗಿನ, ಹುಳಿ ಖಾರ ಇಲ್ಲದ, ಬಿಸಿ ಆರಿದ ದ್ರವರೂಪದ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ದಿನವಿಡೀ ಕೊಡಿ. ಪ್ರಮಾಣ ಚಿಕ್ಕದಾಗಿರಲಿ, ಒಳಗಿರುವ ಶಕ್ತಿ ಮತ್ತು ಪ್ರೋಟೀನ್ ದೊಡ್ಡದಾಗಿರಲಿ. ಎಷ್ಟು ಬೇಕು ಎನ್ನುವ ಲೆಕ್ಕವನ್ನು ಆಸ್ಪತ್ರೆಯ ಆಹಾರತಜ್ಞರಿಂದ ಬರೆಸಿಕೊಳ್ಳಿ. ಲೆಕ್ಕ ಮೂರನೆಯವರದಾದರೆ ಗಂಡಹೆಂಡಿರ ನಡುವಿನ ಚೌಕಾಸಿ ನಿಲ್ಲುತ್ತದೆ. ಇದರಿಂದ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಇಷ್ಟಾಗಿಯೂ ತೂಕ ಇಳಿಯುತ್ತಲೇ ಹೋದರೆ ಮೂಗಿನ ನಳಿಕೆ ಅಥವಾ ಹೊಟ್ಟೆಗೆ ನೇರವಾಗಿ ಇಡುವ ನಳಿಕೆಯ ಮಾತು ಬರುತ್ತದೆ. ಬಹಳ ಮನೆಗಳಲ್ಲಿ ಇದನ್ನು ಸೋಲು ಎಂದು ಭಾವಿಸುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ನಳಿಕೆ ಬಂದ ದಿನ ನಮ್ಮ ಮನೆಗೆ ಶಾಂತಿ ಬಂತು. ಮದ್ದು, ನೀರು, ಆಹಾರ ಎಲ್ಲವೂ ನೋವಿಲ್ಲದೆ ಒಳಗೆ ಹೋಗತೊಡಗಿದ ಮೇಲೆ ಅವರು ಮತ್ತೆ ನನ್ನ ಮುಖ ನೋಡಿದರು. ತೂಕ ವಿಪರೀತ ಇಳಿದರೆ ರೇಡಿಯೇಶನ್ ಹೊತ್ತಿನಲ್ಲಿ ತಲೆಯನ್ನು ಅಲ್ಲಾಡದಂತೆ ಹಿಡಿಯುವ ಮುಖಕವಚ ಸಡಿಲವಾಗಿ ಮತ್ತೆ ಅಳತೆ ತೆಗೆಯಬೇಕಾಗಬಹುದು, ಅದನ್ನೂ ತಪ್ಪಿಸಿದಂತಾಗುತ್ತದೆ. ಆಹಾರ ಬಿಡುವಾಗ ಬೆನ್ನು ನೇರವಾಗಿ ಕೂರಿಸಿ, ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಮಲಗಿಸಬೇಡಿ. ನಳಿಕೆ ಇದ್ದರೂ ಬಾಯಿಯಿಂದ ದಿನಕ್ಕೆ ಕೆಲವು ಗುಟುಕು ನೀರು ನುಂಗುವುದು, ನುಂಗುವಿಕೆಯ ಮತ್ತು ದವಡೆ ತೆರೆಯುವ ವ್ಯಾಯಾಮ ಮಾಡುವುದು ನಿಲ್ಲಬಾರದು. ಎಷ್ಟು ನುಂಗಿದರೆ ಸುರಕ್ಷಿತ ಎಂದು ಚಿಕಿತ್ಸಕರು ನೋಡಿ ಹೇಳುತ್ತಾರೆ. ಬಳಸದ ಗಂಟಲಿನ ಸ್ನಾಯುಗಳು ಬಿಗಿದುಕೊಂಡರೆ ಮತ್ತೆ ಸಡಿಲಿಸುವುದು ಕಷ್ಟ.

ಜ್ವರದ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಆದರೆ ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ಕೀಮೊ ಆದ ನಂತರದ ವಾರಗಳಲ್ಲಿ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ. ಆಗ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ನಡುರಾತ್ರಿಯಾದರೂ ಸರಿ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಜ್ವರ ಅಳೆಯದೆ ಪ್ಯಾರಾಸಿಟಮಾಲ್ ಕೊಡಬೇಡಿ, ಸೋಂಕು ಅದರಡಿ ಅಡಗಿಕೊಳ್ಳುತ್ತದೆ. ಚಳಿ ನಡುಕ ಬಂದರೆ ಥರ್ಮಾಮೀಟರ್ ಏನೇ ತೋರಿಸಲಿ, ಕರೆ ಮಾಡಿ.

ವಾಂತಿಯ ಬಗ್ಗೆಯೂ ಒಂದು ಮಾತು. ಸಿಸ್ಪ್ಲಾಟಿನ್ ಕೊಟ್ಟ ದಿನ ಚೆನ್ನಾಗಿಯೇ ಇದ್ದು, ಎರಡನೆಯ ಮೂರನೆಯ ದಿನ ಓಕರಿಕೆ ಕಾಡುವುದು ಈ ಔಷಧದ ಸ್ವಭಾವ. ಹಾಗಾಗಿ ‘ಇವತ್ತು ಆರಾಮಾಗಿದ್ದಾರೆ’ ಎಂದು ವಾಂತಿಯ ಮಾತ್ರೆ ನಿಲ್ಲಿಸಬಾರದು, ಬರೆದುಕೊಟ್ಟಷ್ಟು ದಿನವೂ ಮುಂದುವರಿಸಬೇಕು. ಆ ದಿನಗಳಲ್ಲಿ ವಾಂತಿ, ಮೂತ್ರ ಬಳಿಯುವಾಗ ಕೈಗವಸು ಹಾಕಿಕೊಳ್ಳಿ, ಔಷಧದ ಅಂಶ ಅವುಗಳಲ್ಲಿರುತ್ತದೆ. ಅಂಟಂಟಾದ ಜೊಲ್ಲು ಗಂಟಲಲ್ಲಿ ಎಳೆಎಳೆಯಾಗಿ ನಿಂತು ರಾತ್ರಿ ಉಸಿರು ಕಟ್ಟಿದಂತಾಗುವುದೂ ಇದೆ. ತಲೆಯ ಕಡೆ ಎತ್ತರಿಸಿ ಮಲಗಿಸಿ, ಪಕ್ಕದಲ್ಲಿ ಉಗುಳಲು ಪಾತ್ರೆ, ಮೇಲೆ ಹೇಳಿದ ಬಾಯಿ ತೊಳೆಯುವ ನೀರು ಇಟ್ಟುಕೊಳ್ಳಿ. ನಿಜವಾಗಿಯೇ ಉಸಿರಾಟ ಕಷ್ಟವಾದರೆ ಮಾತ್ರ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ.

ಈಗ ಅವರ ಮೌನ. ಮಾತು ಬಿಟ್ಟಿರುವುದು ನಿಮ್ಮ ಮೇಲಿನ ಮುನಿಸಿನಿಂದ ಎಂದು ಏಕೆ ತಿಳಿಯುತ್ತೀರಿ? ಮಾತನಾಡಲು ಅದೇ ಗಂಟಲು, ಅದೇ ನಾಲಿಗೆ ಬೇಕು. ಒಂದು ನೋಟ್‌ಬುಕ್ ಇಡಿ. ಹೌದು, ಇಲ್ಲ ಎಂದು ಕೈಯಲ್ಲೇ ಹೇಳಬಹುದಾದ ಪ್ರಶ್ನೆಗಳನ್ನು ಕೇಳಿ. ‘ಹೇಗಿದ್ದೀರಿ’ ಎನ್ನುವ ಪ್ರಶ್ನೆಗೆ ಉತ್ತರಿಸುವಷ್ಟು ಶಕ್ತಿ ಅವರಲ್ಲಿಲ್ಲ. ದಿನದಲ್ಲಿ ಸ್ವಲ್ಪ ಹೊತ್ತಾದರೂ ಮದ್ದಿಲ್ಲದೆ, ಲೋಟವಿಲ್ಲದೆ, ಥರ್ಮಾಮೀಟರ್ ಇಲ್ಲದೆ ಬರಿಗೈಯಲ್ಲಿ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ನೀವು ಬಂದಾಗಲೆಲ್ಲ ಏನೋ ನುಂಗಬೇಕಾಗುತ್ತದೆ ಎಂಬ ಭಯ ಅವರಿಂದ ಹೋಗಬೇಕು. ಹಾಗೆ ಕುಳಿತಾಗ ನಾನು ಏನನ್ನೂ ಕೇಳುತ್ತಿರಲಿಲ್ಲ, ಅವರ ಪಾದ ಒತ್ತುತ್ತಿದ್ದೆ.

‘ಸಾಕು’ ಎಂದದ್ದನ್ನು ಮಾತ್ರ ಕೇಳಿಸಿಕೊಳ್ಳದಂತೆ ಇರಬೇಡಿ. ‘ಹಾಗೆಲ್ಲ ಹೇಳಬಾರದು, ಧೈರ್ಯ ತಂದುಕೊಳ್ಳಿ’ ಎಂದು ಬಾಯಿ ಮುಚ್ಚಿಸಿದರೆ ಅವರು ಒಬ್ಬಂಟಿಯಾಗುತ್ತಾರೆ. ಏನು ಸಾಕಾಗಿದೆ ಎಂದು ಕೇಳಿ: ನೋವೇ, ಮುಖಕವಚದೊಳಗೆ ಕಟ್ಟಿಹಾಕಿದಂತಾಗುವ ಭಯವೇ, ದಿನದಿನದ ಓಡಾಟವೇ, ನಿಮಗೆ ಹೊರೆಯಾಗುತ್ತಿದ್ದೇನೆ ಎಂಬ ಸಂಕಟವೇ? ನೋವಿಗೆ ಮದ್ದಿದೆ, ಕವಚದ ಭಯಕ್ಕೂ ಚಿಕಿತ್ಸೆಗೆ ಮೊದಲು ಕೊಡುವ ಮಾತ್ರೆಯಿದೆ, ಖಿನ್ನತೆಗೂ ಚಿಕಿತ್ಸೆಯಿದೆ. ಇನ್ನೊಂದು ಕಡೆ, ಸತ್ಯವನ್ನೂ ಮುಚ್ಚಿಡಬೇಡಿ. ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರರಿಂದ ಏಳು ವಾರ ರೇಡಿಯೇಶನ್ ಕೊಡುತ್ತಾರೆ. ನಡುವೆ ದಿನಗಳು ತಪ್ಪಿದರೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಮತ್ತೆ ಬೆಳೆಯಲು ಬಿಡುವು ಸಿಗುತ್ತದೆ, ಗುಣವಾಗುವ ಸಾಧ್ಯತೆ ಇಳಿಯುತ್ತದೆ. ತಪ್ಪಿದ ದಿನವನ್ನು ವೈದ್ಯರು ಬೇರೆ ರೀತಿ ತುಂಬಿಕೊಡಲು ನೋಡುವುದು ಇದಕ್ಕಾಗಿಯೇ. ಈ ಮಾತನ್ನು ನಿಮಗಿಂತ ವೈದ್ಯರ ಬಾಯಿಂದ ಕೇಳುವುದು ಒಳ್ಳೆಯದು. ನಿಮ್ಮ ಬಾಯಿಂದ ಬಂದರೆ ಒತ್ತಾಯವಾಗುತ್ತದೆ. ತೀರ್ಮಾನ ಅವರದೇ, ದೇಹ ಅವರದು. ಆದರೆ ನೋವು ಹತೋಟಿಗೆ ಬರುವ ಮೊದಲು ಆ ತೀರ್ಮಾನಕ್ಕೆ ಬರಬಾರದು ಎನ್ನುವುದು ನನ್ನ ಬಲವಾದ ನಂಬಿಕೆ. ‘ಮೊದಲು ನೋವು ಇಳಿಸೋಣ, ಎರಡು ದಿನ ಕಳೆದು ಮತ್ತೆ ಇದೇ ಪ್ರಶ್ನೆ ಕೇಳುತ್ತೇನೆ, ಆಗ ನೀವು ಹೇಳಿದಂತೆ ಆಗಲಿ’ ಎಂದು ಹೇಳಿ. ಆ ಎರಡು ದಿನದ ರೇಡಿಯೇಶನ್ ತಪ್ಪದಂತೆ ಮಾತ್ರ ಅವರನ್ನು ಒಪ್ಪಿಸಿ. ಕೇಳುತ್ತೇನೆ ಎಂದ ಮೇಲೆ ಕೇಳಲೇಬೇಕು.

ನಿಮ್ಮ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ. ರಾತ್ರಿ ನಿದ್ದೆಯಿಲ್ಲದವರು ಔಷಧದ ಪ್ರಮಾಣ ತಪ್ಪುತ್ತಾರೆ, ಹಾಗಾಗಿ ನಿಮ್ಮ ನಿದ್ದೆಯೂ ಚಿಕಿತ್ಸೆಯ ಭಾಗವೇ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಫೋನ್ ಮಾಡುವವರಿಗೆ ‘ಗುರುವಾರ ರಾತ್ರಿ ಬಂದು ಎಚ್ಚರವಿದ್ದು ನೋಡಿಕೊಳ್ಳಿ’ ಎಂದು ನೇರವಾಗಿ ಕೆಲಸ ಕೊಡಿ. ನೆಗಡಿ, ಕೆಮ್ಮು ಇರುವವರನ್ನು ಮುಲಾಜಿಲ್ಲದೆ ಬಾಗಿಲಲ್ಲೇ ತಡೆಯಿರಿ.

ಕೊನೆಯ ರೇಡಿಯೇಶನ್ ಆದ ಮೇಲಿನ ದಿನಗಳ ಬಗ್ಗೆ ಈಗಲೇ ತಿಳಿದಿರಲಿ. ಅದು ಮುಗಿದ ಮರುದಿನದಿಂದ ಸುಧಾರಿಸುತ್ತಾರೆ ಎಂದು ಇಬ್ಬರೂ ಕಾಯುತ್ತಿರುತ್ತೀರಿ. ಹಾಗಾಗುವುದಿಲ್ಲ. ವಿಕಿರಣದ ಪರಿಣಾಮ ಒಳಗೆ ಮುಂದುವರಿಯುವುದರಿಂದ ಚಿಕಿತ್ಸೆ ಮುಗಿದ ಮೊದಲ ಒಂದೆರಡು ವಾರಗಳೇ ಹಲವರಿಗೆ ಅತಿ ಕಷ್ಟದವು, ಬಾಯಿ ಇನ್ನೂ ಕೆಡುತ್ತದೆ, ಕತ್ತಿನ ಚರ್ಮ ಸುಲಿಯುತ್ತದೆ. ಅಷ್ಟರಲ್ಲಿ ದಿನನಿತ್ಯ ಕಾಣುತ್ತಿದ್ದ ನರ್ಸ್‌ಗಳೂ ಇರುವುದಿಲ್ಲ. ಆದ್ದರಿಂದ ಆ ವಾರಗಳಲ್ಲಿ ಹಗಲು ಯಾರಿಗೆ, ರಾತ್ರಿ ಯಾರಿಗೆ ಕರೆ ಮಾಡಬೇಕು ಎಂದು ಈಗಲೇ ಬರೆಸಿಟ್ಟುಕೊಳ್ಳಿ, ನೋವಿನ ಔಷಧ ಆ ಅವಧಿಗೂ ಸಾಲುವಷ್ಟು ಇದೆಯೇ ನೋಡಿಕೊಳ್ಳಿ. ಆಮೇಲೆ ಹುಣ್ಣು ವಾರಗಳಲ್ಲಿ ಮಾಯುತ್ತದೆ. ರುಚಿ ಮರಳಲು ತಿಂಗಳುಗಳು ಬೇಕು. ಬಾಯಿ ಒಣಗುವುದು ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ. ಮುಂದೆ ಎಂದಾದರೂ ಹಲ್ಲು ಕೀಳಿಸಬೇಕಾಗಿ ಬಂದರೆ ದವಡೆಗೆ ರೇಡಿಯೇಶನ್ ಆಗಿದೆ ಎಂದು ದಂತವೈದ್ಯರಿಗೆ ಮೊದಲೇ ಹೇಳಬೇಕು, ಇಲ್ಲವಾದರೆ ಮೂಳೆ ಮಾಯದೆ ಉಳಿಯುವ ಅಪಾಯವಿದೆ. ಥೈರಾಯ್ಡ್ ರಕ್ತಪರೀಕ್ಷೆಯೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಆಗುತ್ತಿರಬೇಕು, ಕತ್ತಿನ ವಿಕಿರಣದಿಂದ ಆ ಗ್ರಂಥಿಯ ಕೆಲಸ ಕುಂದುವುದು ಸಾಮಾನ್ಯ.

ನಾಳೆ ವೈದ್ಯರೊಂದಿಗೆ ಮಾತನಾಡುವಾಗ ನೋವಿನ ಎರಡು ಅಂಕಿ, ವಾರದ ತೂಕ, ದಿನಕ್ಕೆ ಒಳಗೆ ಹೋದ ದ್ರವ, ಕೊನೆಯ ಬಾರಿ ಮಲವಿಸರ್ಜನೆಯಾದ ದಿನ, ಇಷ್ಟು ಒಂದು ಹಾಳೆಯಲ್ಲಿರಲಿ. ಅವರು ಏನೆಂದರು ಎಂದು ಇಲ್ಲಿ ಬರೆಯಿರಿ, ನನಗೆ ತಿಳಿದದ್ದನ್ನು ಮತ್ತೆ ಹೇಳುತ್ತೇನೆ.