ಅಕ್ಕ ಮಾತು ಬಿಟ್ಟಿದ್ದಾಳೆ, ಗೋಡೆಯ ಮೇಲೆ ಫೋಟೋ ಇದೆ

ಪ್ರಶ್ನೆ: ಹನ್ನೊಂದು ವರ್ಷದಿಂದ ದೋಹಾದಲ್ಲಿದ್ದೇನೆ, ಒಂದು ಕಾಂಟ್ರಾಕ್ಟ್ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ನನ್ನ ಅಕ್ಕನ ಗಂಡನೂ ಇಲ್ಲೇ ಬೇರೊಂದು ಕಂಪೆನಿಯಲ್ಲಿ ಸ್ಕಾಫೋಲ್ಡಿಂಗ್ (ಕಟ್ಟಡಕ್ಕೆ ಅಟ್ಟಣೆ ಕಟ್ಟುವ) ಕೆಲಸಕ್ಕಿದ್ದರು. 2017ರ ಆಗಸ್ಟಿನಲ್ಲಿ ಒಂದು ರಾತ್ರಿ ಕಾರ್ಮಿಕರ ಕ್ಯಾಂಪಿನಲ್ಲಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ವಯಸ್ಸು 38. ಸರ್ಟಿಫಿಕೇಟಿನಲ್ಲಿ ‘ಸಹಜ ಸಾವು’ ಎಂದಿತ್ತು. ಅವರ ಸಾಮಾನಿಗೆ ಸಹಿ ಹಾಕಿ ತಂದವನು ನಾನೇ. ಅದಕ್ಕೆ ಮುಂಚೆ ಎರಡು ದಿನ ಬಿಸಿಲಿನಿಂದ ಬಂದ ಮೇಲೆ ವಾಂತಿ ಮಾಡಿಕೊಳ್ಳುತ್ತಿದ್ದರು ಎಂದು ರೂಮಿನವನೊಬ್ಬ ಹೇಳಿದ. ಅಕ್ಕನಿಗೆ ಇನ್ನಷ್ಟು ನೋವಾಗುತ್ತದೆಂದು ನಾನದನ್ನು ಹೇಳಲಿಲ್ಲ.

ಇಲ್ಲಿ ಕತಾರಿನಲ್ಲಿ ನಡೆದ 2022ರ ಫುಟ್ಬಾಲ್ ವಿಶ್ವಕಪ್ಪಿಗೆ ಮುಂಚೆ ನಾವು ಗೆಳೆಯರೆಲ್ಲ ಅರ್ಜೆಂಟೀನಾ ಜೆರ್ಸಿ ಹಾಕಿ ಡೋಲು ಬಡಿಯುತ್ತ ಕಡಲ ದಂಡೆಯ ಕಾರ್ನಿಷ್‌ನಲ್ಲಿ ಮೆರವಣಿಗೆ ಹೋದೆವು. ‘ದುಡ್ಡು ಕೊಟ್ಟು ಕರೆತಂದ ನಕಲಿ ಅಭಿಮಾನಿಗಳು’ ಎಂದು ಹೊರಗಿನವರು ಸೋಷಿಯಲ್ ಮೀಡಿಯಾದಲ್ಲಿ ಅಂದರು. ತುಂಬಾ ಅವಮಾನವಾಯಿತು. 40 ರಿಯಾಲಿನ ಟಿಕೆಟ್ ತೆಗೆದು, ದೋಹಾ ಪಕ್ಕದ ಹೊಸ ನಗರ ಲುಸೈಲ್‌ನಲ್ಲಿ ಅರ್ಜೆಂಟೀನಾ–ಮೆಕ್ಸಿಕೊ ಪಂದ್ಯ ನೋಡಿದೆ. ಮುಗಿಸಿ ಮೆಟ್ರೋಗೆ ನಡೆಯುವಾಗ ಭಾವ ಕೆಲಸ ಮಾಡಿದ್ದ ಕಟ್ಟಡ ಕಂಡಿತು. ನಾನು ಹಾಡುತ್ತಲೇ ಇದ್ದೆ. ಆ ದಿನದ ಫೋಟೋ ಊರಿನ ಮನೆಯಲ್ಲಿ ಗೋಡೆಗೆ ಹಾಕಿದ್ದೇನೆ.

ಕಳೆದ ರಜೆಯಲ್ಲಿ ಮನೆಯ ಒಂದು ಸಮಾರಂಭದಲ್ಲಿ ನೆಂಟರೊಬ್ಬರು ‘ಸಾವಿರಾರು ಜನರ ಹೆಣದ ಮೇಲೆ ಆಡಿದ ಆಟ’ ಅಂದರು. ಸಿಟ್ಟು ಬಂತು. ‘ಅದೆಲ್ಲ ಸುಳ್ಳು, ಕಪ್ಪಿನ ಕೆಲಸದಲ್ಲಿ ಸತ್ತವರು ಮೂರೇ ಜನ’ ಅಂದುಬಿಟ್ಟೆ. ಅಕ್ಕ ನೀರಿನ ಜಗ್ ಹಿಡಿದು ಅಲ್ಲೇ ನಿಂತಿದ್ದಳು. ಅವತ್ತಿನಿಂದ ಫೋನ್ ಮಾಡಿದರೆ ‘ಹೂಂ’, ‘ಆಯ್ತು’ ಬಿಟ್ಟರೆ ಬೇರೆ ಮಾತಿಲ್ಲ. ಅವಳ ಮಗನಿಗೆ ಹದಿನಾಲ್ಕು, ಫುಟ್ಬಾಲ್ ಅಂದರೆ ಪ್ರಾಣ. ನಾನು ಕಳಿಸಿದ್ದ ಪಂದ್ಯದ ವಿಡಿಯೋಗಳನ್ನು ಅಳಿಸು ಅಂದಳಂತೆ. ನಾನು ಆ ಪಂದ್ಯಕ್ಕೆ ಹೋಗಿದ್ದೇ ತಪ್ಪಾ? ಫೋಟೋ ತೆಗೆದುಬಿಡಲಾ? ಸೌದಿಗೆ ಬಾ ಎಂದು ಗೆಳೆಯರು ಕರೆಯುತ್ತಿದ್ದಾರೆ, 2034ರ ಕಪ್ ಅಲ್ಲೇ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರೂ ಸಲ ಆ ನೀರಿನ ಜಗ್ ಹತ್ತಿರ ಬಂದು ನಿಂತೆ. ನೀವು ಫೋಟೋದ ಬಗ್ಗೆ, ಪಂದ್ಯದ ಬಗ್ಗೆ ಕೇಳಿದ್ದೀರಿ. ಆದರೆ ಅಕ್ಕ ಮಾತು ಬಿಟ್ಟಿದ್ದು 2022ರಲ್ಲಲ್ಲ. ನೀವು ಕಾರ್ನಿಷ್‌ನಲ್ಲಿ ಕುಣಿದದ್ದು ಅವಳಿಗೆ ಗೊತ್ತಿತ್ತು, ಫೋಟೋ ಗೋಡೆಗೆ ಬಂದದ್ದೂ ಗೊತ್ತಿತ್ತು. ಆಗೆಲ್ಲ ನಿಮ್ಮೊಂದಿಗೆ ಮಾತಾಡುತ್ತಲೇ ಇದ್ದಳು. ‘ಮೂರೇ ಜನ’ ಅಂದಿರಲ್ಲ, ಆ ಹೊತ್ತಿಗೆ ಅವಳ ಬಾಯಿ ಕಟ್ಟಿತು.

ಮೊದಲು ಆ ಸಂತೋಷದ ವಿಷಯ ಮುಗಿಸೋಣ, ಯಾಕೆಂದರೆ ಅದರ ಮೇಲೆ ನೀವು ಸುಮ್ಮನೆ ಕಲ್ಲು ಹೇರಿಕೊಂಡಿದ್ದೀರಿ. ಆ ರಾತ್ರಿ ಲುಸೈಲ್‌ನಲ್ಲಿ 88,966 ಜನ ಇದ್ದರು. 64ನೇ ನಿಮಿಷದಲ್ಲಿ ಮೆಸ್ಸಿ ದೂರದಿಂದ ನೆಲಮಟ್ಟದಲ್ಲಿ ಹೊಡೆದ ಚೆಂಡು ಬಲೆಯ ಮೂಲೆ ಸೇರಿದಾಗ ನಾನು ಇಲ್ಲಿ ಟಿವಿಯ ಮುಂದೆ ಎದ್ದು ನಿಂತು ಕೂಗಿದ್ದೆ. ನೀವು ಅಲ್ಲೇ ಇದ್ದಿರಿ. ವರ್ಷಕ್ಕೆ ಹನ್ನೊಂದು ತಿಂಗಳು ದುಡಿದು ಊರಿಗೆ ದುಡ್ಡು ಕಳಿಸುವ ಊರಲ್ಲಿ, ಜಗತ್ತೇ ನೋಡುತ್ತಿದ್ದ ಒಂದು ಹಬ್ಬ ನಿಮ್ಮ ಮನೆಬಾಗಿಲಿಗೇ ಬಂತು. 40 ರಿಯಾಲಿಗೆ ಒಳಗೆ ಹೋಗಿ ಕೂತಿರಿ. ಕೊಟ್ಟದ್ದು ನಿಮ್ಮ ದುಡಿಮೆಯ ದುಡ್ಡು. ಟಿಕೆಟ್ ಸಿಗದ ಸಾವಿರಾರು ಕಾರ್ಮಿಕರು ಇಂಡಸ್ಟ್ರಿಯಲ್ ಏರಿಯಾದ ಕಡೆ, ಏಷ್ಯನ್ ಟೌನ್ ಕ್ರಿಕೆಟ್ ಮೈದಾನದಲ್ಲಿ ದೊಡ್ಡ ಪರದೆ ಎದುರು ನಿಂತು ಅದೇ ಗೋಲಿಗೆ ಹಾರಿದರು. ಆ ಮೈದಾನದಲ್ಲಿ ಕೂಗಿದವರಿಗೆ ಕ್ಯಾಂಪಿನ ಬದುಕು ಗೊತ್ತಿರಲಿಲ್ಲವೇ? ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

‘ನಕಲಿ ಅಭಿಮಾನಿ’ ಎಂದದ್ದು ಅನ್ಯಾಯ, ಅದನ್ನು ನಾನು ಒಪ್ಪುತ್ತೇನೆ. ಅರ್ಜೆಂಟೀನಾಕ್ಕಾಗಿ ಪ್ರಾಣ ಬಿಡಲು ಬ್ಯೂನಸ್ ಐರಿಸ್‌ನಲ್ಲೇ ಹುಟ್ಟಬೇಕು ಎಂದುಕೊಂಡವರಿಗೆ ನಮ್ಮ ಕಡೆಯ ಫುಟ್ಬಾಲ್ ಗೊತ್ತಿಲ್ಲ. ಅದೇ ಹೊತ್ತಿಗೆ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನಲ್ಲಿ ಹುಡುಗರು ನದಿಯಲ್ಲಿ ಮೆಸ್ಸಿಯ 30 ಅಡಿಯ ಕಟೌಟ್ ನಿಲ್ಲಿಸಿದರು, ನೇಮರ್ ಅಭಿಮಾನಿಗಳು ಅದಕ್ಕಿಂತ ಎತ್ತರದ್ದು ತಂದರು. ಅವರಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ.

ಆದರೆ ನೋಡಿ, ನೀವು ಜಾರಿದ್ದು ಇಲ್ಲೇ. ನಿಮ್ಮ ಸಂತೋಷವನ್ನು ಸುಳ್ಳು ಎಂದವರ ಮೇಲಿನ ಸಿಟ್ಟಿನಲ್ಲಿ, ಆ ಸಂತೋಷವನ್ನು ಕಾಯಲು ಹೋಗಿ ಕಂಪೆನಿಗಳನ್ನೂ ಸಂಘಟಕರನ್ನೂ ಸೇರಿಸಿ ಕಾಯತೊಡಗಿದಿರಿ. ಅವರ ಲೆಕ್ಕವೇ ನಿಮ್ಮ ಬಾಯಲ್ಲಿ ಬಂತು. ಅವಮಾನವಾದ ಮನುಷ್ಯನಿಗೆ ಹೀಗಾಗುತ್ತದೆ, ನನಗೆ ಅರ್ಥವಾಗುತ್ತದೆ. ಹಾಗಂತ ಅದನ್ನು ಅಲ್ಲಿಗೇ ಬಿಡುವ ಹಾಗಿಲ್ಲ.

ಆ ಲೆಕ್ಕ ಏನು ಎಂದು ಒಮ್ಮೆ ಸರಿಯಾಗಿ ನೋಡಿ. ಕ್ರೀಡಾಂಗಣಗಳನ್ನು ಕಟ್ಟಿದವರಲ್ಲಿ 37 ಜನ ಸತ್ತರು, ಅದರಲ್ಲಿ ಕೆಲಸಕ್ಕೆ ಸಂಬಂಧಪಟ್ಟದ್ದು ಮೂರು ಮಾತ್ರ ಎಂದು ಸಂಘಟನಾ ಸಮಿತಿ ಹೇಳುತ್ತಿತ್ತು. ಎಂಟು ಕ್ರೀಡಾಂಗಣಗಳ ಬೇಲಿಯೊಳಗಿನ ಲೆಕ್ಕ ಅದು. ಮೆಟ್ರೋ, ರಸ್ತೆ, ಹೋಟೆಲು, ಲುಸೈಲ್‌ನಲ್ಲಿ ಮರಳಿನ ಮೇಲೆ ಎದ್ದ ಇಡೀ ಹೊಸ ನಗರ ಅದರಲ್ಲಿಲ್ಲ. ನಿಮ್ಮ ನೆಂಟರು ಹೇಳಿದ ಸಾವಿರಾರು ಎಂಬುದು ಬಂದದ್ದು ‘ದಿ ಗಾರ್ಡಿಯನ್’ ಪತ್ರಿಕೆಯ 2021ರ ಫೆಬ್ರುವರಿಯ ವರದಿಯಿಂದ. ಕತಾರಿಗೆ ಕಪ್ ನಡೆಸುವ ಅವಕಾಶ ಸಿಕ್ಕ 2010ರ ಡಿಸೆಂಬರಿನ ನಂತರದ ಹತ್ತು ವರ್ಷಗಳಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ 6,500ಕ್ಕೂ ಹೆಚ್ಚು ವಲಸೆ ಕಾರ್ಮಿಕರು ಅಲ್ಲಿ ಸತ್ತರು ಎಂಬ ಲೆಕ್ಕ. ಅದರಲ್ಲಿ ಎಲ್ಲ ಬಗೆಯ ಕೆಲಸದವರೂ, ಎಲ್ಲ ಕಾರಣದ ಸಾವುಗಳೂ ಸೇರಿವೆ. ಆದ್ದರಿಂದ ಅಷ್ಟೂ ಜನ ಕ್ರೀಡಾಂಗಣ ಕಟ್ಟುವಾಗ ಸತ್ತರು ಎನ್ನುವುದೂ ತಪ್ಪೇ. ಪಂದ್ಯಾವಳಿ ನಡೆಯುತ್ತಿರುವಾಗಲೇ ಸಮಿತಿಯ ಮುಖ್ಯಸ್ಥ ಹಸನ್ ಅಲ್ ಥವಾದಿ ಟಿವಿ ಸಂದರ್ಶನದಲ್ಲಿ 400ರಿಂದ 500 ಅಂದರು. ಆಮೇಲೆ ಅದು ಇಡೀ ದೇಶದ ಎಲ್ಲ ವಲಯಗಳ ಲೆಕ್ಕ ಎಂದು ಸಮಿತಿ ವಿವರಣೆ ಕೊಟ್ಟಿತು.

ನಿಮ್ಮ ಭಾವ ಸಮಿತಿಯ 37ರಲ್ಲಿ ಇಲ್ಲ, ಮೂರರಲ್ಲಂತೂ ಇಲ್ಲವೇ ಇಲ್ಲ. ಪತ್ರಿಕೆಯ ಲೆಕ್ಕದಲ್ಲಿ ಭಾರತದವರು 2,711 ಜನ. ಅಲ್ಲಿ ಮಾತ್ರ ಅವರಿಗೊಂದು ಜಾಗ ಇದೆ. ಆ ಲೆಕ್ಕವನ್ನೇ ನೀವು ಸುಳ್ಳು ಅಂದಿರಿ. ಅಕ್ಕನ ಕಿವಿಗೆ ಬಿದ್ದದ್ದು ಅಷ್ಟೇ.

ಇನ್ನು ಆ ‘ಸಹಜ ಸಾವು’. ಅದೇ ವರದಿಯ ಪ್ರಕಾರ ಭಾರತೀಯರ ಸಾವುಗಳಲ್ಲಿ ಶೇ 80ರಷ್ಟಕ್ಕೆ ಹೀಗೇ ಬರೆಯಲಾಗಿತ್ತು. ಶವಪರೀಕ್ಷೆ ಮಾಡದೆ ಹೃದಯ ನಿಂತಿತು, ಉಸಿರು ನಿಂತಿತು ಎಂದು ಬರೆದರೆ ಏನು ಗೊತ್ತಾಗುತ್ತದೆ? ಯಾರ ಹೃದಯವಾದರೂ ಕೊನೆಗೆ ನಿಲ್ಲುತ್ತದೆ. 38 ವರ್ಷದ, ದಿನವಿಡೀ ಕಬ್ಬಿಣದ ಪೈಪು ಹೊತ್ತು ಮೇಲೇರುತ್ತಿದ್ದ ಗಂಡಸಿನದು ಯಾಕೆ ನಿಂತಿತು ಎಂಬುದೇ ಪ್ರಶ್ನೆ. 2009ರಿಂದ 2017ರವರೆಗೆ ಕತಾರಿನಲ್ಲಿ ಹೃದಯದ ಕಾರಣಕ್ಕೆ ಸತ್ತರು ಎಂದು ದಾಖಲಾದ 571 ನೇಪಾಳಿ ಕಾರ್ಮಿಕರ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಬಂತು. ಬಿಸಿಲಿನಿಂದ ಸರಿಯಾದ ರಕ್ಷಣೆ ಇದ್ದಿದ್ದರೆ ಅದರಲ್ಲಿ 200ರಷ್ಟು ಜನ ಉಳಿಯಬಹುದಿತ್ತು ಎಂದು ಅದು ಹೇಳಿತು. ನಿಮ್ಮ ಭಾವ ದುಡಿದ ಕಾಲದ ನಿಯಮದಂತೆ ಹೊರಗಿನ ಕೆಲಸ ನಿಲ್ಲಿಸಬೇಕಿದ್ದದ್ದು ಮಧ್ಯಾಹ್ನ ಹನ್ನೊಂದೂವರೆಯಿಂದ ಮೂರರವರೆಗೆ ಮಾತ್ರ, ಅದೂ ಜೂನ್ 15ರಿಂದ ಆಗಸ್ಟ್ ಕೊನೆಯವರೆಗೆ. 2021ರಲ್ಲಿ ಅದನ್ನು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಹೆಚ್ಚಿಸಿದರು. ಬದಲಾವಣೆ ಬಂದದ್ದು ನಿಜ, ಒಳ್ಳೆಯದೇ ಆಯಿತು. ನಿಮ್ಮ ಅಕ್ಕನ ಮನೆಗೆ ಮಾತ್ರ ಅದು ನಾಲ್ಕು ವರ್ಷ ತಡವಾಗಿ ಬಂತು.

ಬಿಸಿಲೇ ಭಾವನನ್ನು ಕೊಂದಿತು ಎಂದು ನೀವು ಹೇಳಲಾಗದು, ನಾನೂ ಹೇಳಲಾರೆ. ಆದರೆ ಆ ಎರಡು ದಿನದ ವಾಂತಿಯ ವಿಷಯವನ್ನು ಇಷ್ಟು ವರ್ಷ ನೀವೊಬ್ಬರೇ ಹೊತ್ತುಕೊಂಡು ಬಂದಿದ್ದೀರಿ. ಅಕ್ಕನ ಕೈಯಲ್ಲಿರುವುದು ಅರೆಬಿಯಲ್ಲಿ ಬರೆದ ಒಂದು ಕಾಗದ, ಮತ್ತೆ ನೀವು ತಂದುಕೊಟ್ಟ ಚೀಲ. ಗಂಡನ ಕೊನೆಯ ಎರಡು ದಿನ ಅವಳ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇದೆ. ಅವಳಿಗೆ ನೋವಾಗಬಾರದು ಎಂದೇ ನೀವು ಹೇಳಲಿಲ್ಲ, ಸರಿ. ಆದರೆ ‘ಸಹಜ’ ಎಂಬ ಪದವನ್ನು ಅವಳು ರಾತ್ರಿ ಎಷ್ಟು ಸಲ ತಿರುವಿ ನೋಡಿರಬಹುದು ಯೋಚಿಸಿ. ಗಂಡ ಏನೋ ರೋಗ ಮುಚ್ಚಿಟ್ಟಿದ್ದನೋ, ಊಟ ಬಿಟ್ಟಿದ್ದನೋ, ತಾನೇ ಹೆಚ್ಚು ದುಡ್ಡು ಕೇಳಿ ದಣಿಸಿದೆನೋ ಎಂದು. ಗೊತ್ತಿಲ್ಲದ ಕಡೆ ಹೆಂಗಸರು ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ನಾನದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಆದ್ದರಿಂದ ಎರಡು ಮಾತು ಹೇಳಬೇಕು ನೀವು. ಮೊದಲನೆಯದು ಕ್ಷಮೆ. ಪಂದ್ಯಕ್ಕೆ ಹೋದೆ ಎಂದು ಬೇಡ, ಅದು ಅವಳು ಕೇಳಿದ್ದಲ್ಲ. ‘ಅಕ್ಕಾ, ಅವತ್ತು ಮೂರೇ ಜನ ಅಂದೆ. ಭಾವನನ್ನು ಲೆಕ್ಕಕ್ಕೇ ಇಡಲಿಲ್ಲ. ತಪ್ಪಾಯ್ತು.’ ಇಷ್ಟೇ. ಯಾಕೆ ಹಾಗಂದೆ, ಎಷ್ಟು ಅವಮಾನವಾಗಿತ್ತು ಎಂದು ಸಮಜಾಯಿಷಿ ಶುರುಮಾಡಬೇಡಿ. ಅವಳು ಕೇಳಿದರೆ ಹೇಳಿ. ಎರಡನೆಯದು ಆ ಎರಡು ದಿನ. ಅದನ್ನು ಅದೇ ಉಸಿರಿನಲ್ಲಿ ಹೇಳಿಬಿಡಬೇಡಿ. ‘ಭಾವನ ಕಡೆಯ ದಿನಗಳ ಬಗ್ಗೆ ನನಗೆ ಸ್ವಲ್ಪ ಗೊತ್ತು, ನಿನಗೆ ಬೇಕೆಂದಾಗ ಹೇಳ್ತೀನಿ’ ಅನ್ನಿ. ಕೇಳುವ ಹೊತ್ತನ್ನು ಅವಳೇ ಆರಿಸಲಿ. ‘ಇಷ್ಟು ವರ್ಷ ಯಾಕೆ ಮುಚ್ಚಿಟ್ಟೆ’ ಎಂದು ಬೈದರೆ ಬೈಸಿಕೊಳ್ಳಿ. ಆ ರೂಮಿನವನ ನಂಬರ್ ಇನ್ನೂ ಇದ್ದರೆ ಮೊದಲು ಅವನೊಂದಿಗೆ ಮಾತಾಡಿ, ನೆನಪಿರುವುದನ್ನೆಲ್ಲ ಕೇಳಿಟ್ಟುಕೊಳ್ಳಿ: ಎಷ್ಟು ಹೊತ್ತಿಗೆ ಮಲಗಿದರು, ಏನು ತಿಂದರು, ಯಾರಾದರೂ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರಾ.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಮಾತು ಎದ್ದಾಗ ಮನೆಯಲ್ಲಿ ಆಸೆ ಹುಟ್ಟುತ್ತದೆ. ಕತಾರಿನ ಕಾನೂನಿನಲ್ಲಿ ಕೆಲಸದ ಕಾರಣದಿಂದ ಸತ್ತರೆ 2 ಲಕ್ಷ ರಿಯಾಲ್ ಪರಿಹಾರ ಇದೆ. ಸಹಜ ಸಾವು ಎಂದು ಬರೆದ ಮೇಲೆ ಅದು ಬರುವುದಿಲ್ಲ, ಕೇಳುವ ಗಡುವೂ ಒಂದು ವರ್ಷ. ಅದು ಎಂದೋ ಮುಗಿದಿದೆ. ಒಂದು ವರ್ಷ ದುಡಿದವರಿಗೆ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ಸಂಬಳದಂತೆ ಗ್ರಾಚ್ಯುಯಿಟಿ ಬರಬೇಕಿತ್ತು. ಕಂಪೆನಿ ಅದನ್ನು ಕೊಟ್ಟಿತ್ತೇ ಎಂದು ಕಾಗದ ತೆಗೆದು ನೋಡಿ. ಕೊಟ್ಟಿರದಿದ್ದರೆ ರಾಯಭಾರ ಕಚೇರಿಯ ಕಾರ್ಮಿಕ ವಿಭಾಗವನ್ನೂ, ದೋಹಾದಲ್ಲಿ ಭಾರತೀಯರ ನೆರವಿಗಿರುವ ಸಂಸ್ಥೆಯಾದ ಐಸಿಬಿಎಫ್‌ನವರನ್ನೂ ಒಮ್ಮೆ ಕೇಳಿ. ಖಂಡಿತ ಬರುತ್ತದೆ ಎಂದು ಅಕ್ಕನಿಗೆ ಮಾತು ಕೊಡಬೇಡಿ. ಜಗತ್ತಿನ ಫುಟ್ಬಾಲ್ ನಡೆಸುವ ಫಿಫಾ ಸಂಸ್ಥೆ ಕೊಡುತ್ತದೆ ಎಂದಂತೂ ಹೇಳಲೇಬೇಡಿ. ಬಹುಮಾನದ ಮೊತ್ತವಾದ 44 ಕೋಟಿ ಡಾಲರಿಗೆ ಸಮನಾದ ಹಣವನ್ನು ಕಾರ್ಮಿಕರ ಕುಟುಂಬಗಳಿಗೆ ತೆಗೆದಿಡಿ ಎಂದು ಆಮ್ನೆಸ್ಟಿ, ಹ್ಯೂಮನ್ ರೈಟ್ಸ್ ವಾಚ್ ಮುಂತಾದ ಮಾನವ ಹಕ್ಕು ಸಂಸ್ಥೆಗಳು ಬೇಡಿದವು. ಫಿಫಾ ತಾನೇ ಮಾಡಿಸಿದ ವರದಿ ಕೂಡ ಪರಿಹಾರ ಕೊಡಬೇಕೆಂದಿತು. 2024ರಲ್ಲಿ ಅದು 5 ಕೋಟಿ ಡಾಲರಿನ ನಿಧಿ ಘೋಷಿಸಿದ್ದು ಬೇರೆ ಕೆಲಸಗಳಿಗೆ. ನಿಮ್ಮ ಅಕ್ಕನಂಥವರಿಗೆ ಅದರಲ್ಲಿ ಒಂದು ಪೈಸೆಯೂ ಇರಲಿಲ್ಲ. ಇದನ್ನು ಬರೆಯುವಾಗ ನನ್ನ ಕೈ ಈಗಲೂ ಬಿಗಿಯುತ್ತದೆ.

ಸಿಟ್ಟು ಬಂದರೆ ಆ ಕಡೆ ತಿರುಗಿಸಿ. ಟೂರ್ನಿ ಶುರುವಾಗುವ ಮುಂಚೆ ಫಿಫಾ ತಂಡಗಳಿಗೆ ಪತ್ರ ಬರೆದು ಈಗ ಫುಟ್ಬಾಲ್ ಕಡೆ ಗಮನ ಕೊಡಿ ಎಂದಿತು. ಆಟ ಬೇಕಾದರೆ ಬಾಯಿ ಮುಚ್ಚಿ, ಬಾಯಿ ತೆರೆಯುವುದಾದರೆ ಆಟ ಬಿಡಿ ಎಂಬಂತೆ. ಕೆಲವರು ಹಾಗೆ ಬಿಟ್ಟರು ಕೂಡ, ಜರ್ಮನಿಯ ಗ್ಯಾಲರಿಗಳಲ್ಲಿ ‘ಕತಾರ್ ಬಹಿಷ್ಕರಿಸಿ’ ಎಂಬ ಬ್ಯಾನರುಗಳು ಎದ್ದವು. ಅವರನ್ನು ನಾನು ಗೌರವಿಸುತ್ತೇನೆ. ನನ್ನ ಕಣ್ಣಲ್ಲಿ ಉಳಿದಿರುವುದು ಮಾತ್ರ ಇರಾನಿನವರು. ಆಗ ಅವರ ದೇಶದಲ್ಲಿ ಸರ್ಕಾರದ ವಿರುದ್ಧ ಜನ ಬೀದಿಗಿಳಿದಿದ್ದರು. ನವೆಂಬರ್ 21ರಂದು ಖಲೀಫಾ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ಎದುರಿನ ಪಂದ್ಯಕ್ಕೆ ಮುಂಚೆ ಆಟಗಾರರು ರಾಷ್ಟ್ರಗೀತೆ ಹಾಡದೆ ತುಟಿ ಬಿಗಿಹಿಡಿದು ನಿಂತರು. ನಾಲ್ಕು ದಿನದ ಮೇಲೆ ವೇಲ್ಸ್ ಎದುರು ಗ್ಯಾಲರಿಯಲ್ಲಿ ತಮ್ಮ ದೇಶದ ಜೆರ್ಸಿ ಹಾಕಿದವರೇ ಅಳುತ್ತಿದ್ದರು. ಪಂದ್ಯದ ಕೊನೆಯ ಗಳಿಗೆಯಲ್ಲಿ ಎರಡು ಗೋಲು ಬಿದ್ದಾಗ ಆ ಗ್ಯಾಲರಿಯೇ ಎದ್ದು ಕುಣಿಯಿತು. ಅಳುವೂ ಕುಣಿತವೂ ಒಂದೇ ಮಧ್ಯಾಹ್ನ, ಒಂದೇ ಜನಕ್ಕೆ. ಅದು ಸಾಧ್ಯ. ಮೆಟ್ರೋ ದಾರಿಯಲ್ಲಿ ಭಾವನ ಕಟ್ಟಡ ಕಂಡಾಗ ನೀವು ಹಾಡು ನಿಲ್ಲಿಸಬೇಕಿತ್ತು ಎಂದು ನಾನು ಹೇಳುವುದಿಲ್ಲ. ಅದು ಕಂಡದ್ದನ್ನು ಆ ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿ ಹೇಳಬಹುದಿತ್ತು.

ಫೋಟೋ ತೆಗೆಯಬೇಡಿ, ಸದ್ಯಕ್ಕಂತೂ ಬೇಡ. ಅವಳಿಗೆ ಹೇಳದೆ ತೆಗೆದರೆ ಇನ್ನೊಂದು ವಿಷಯ ಮುಚ್ಚಿಟ್ಟ ಹಾಗೆ. ಮಾತಾದ ಮೇಲೆ ಅವಳೇ ಬೇಡ ಅಂದರೆ ತೆಗೆಯಿರಿ. ಅಳಿಯನಿಗೆ ಮಾತ್ರ ತಾಯಿಯನ್ನು ದಾಟಿ ವಿಡಿಯೋ, ಜೆರ್ಸಿ ಏನೂ ಕಳಿಸಬೇಡಿ. ಹುಡುಗ ಆಡಲಿ. ಅಪ್ಪ ಯಾವ ನಗರ ಕಟ್ಟಲು ಹೋಗಿದ್ದ ಎಂದು ಅವನು ಕೇಳುವ ದಿನ ಹತ್ತಿರದಲ್ಲೇ ಇದೆ. ಅಷ್ಟರಲ್ಲಿ ನೀವೂ ಅಕ್ಕನೂ ಆ ಕಥೆಯನ್ನು ಒಂದೇ ಬಗೆಯಲ್ಲಿ ಹೇಳುವಂತಾಗಿರಬೇಕು.

ಸೌದಿಯ ಕೆಲಸ ಒಪ್ಪುವುದು ಬಿಡುವುದು ನಿಮ್ಮ ಸಂಬಳ, ನಿಮ್ಮ ಸಂಸಾರದ ಲೆಕ್ಕ. ಹೋದರೆ ಅಲ್ಲೂ ನೀವು ಸ್ಟೋರಿನಲ್ಲಿರುತ್ತೀರಿ, ಬಿಸಿಲಿನಿಂದ ಬಂದವರು ಮೊದಲು ನಿಮ್ಮ ಕಿಟಕಿಯ ಹತ್ತಿರವೇ ಬಂದು ನಿಲ್ಲುತ್ತಾರೆ. ಯಾರಾದರೂ ತಲೆ ಸುತ್ತುತ್ತಿದೆ ಅಂದರೆ ದಿನಾಂಕ ಹಾಕಿ ಬರೆದಿಡಿ, ಕ್ಲಿನಿಕ್ಕಿಗೆ ಕಳಿಸಿ ಚೀಟಿ ಮಾಡಿಸಿ. ಭಾವನ ವಿಷಯದಲ್ಲಿ ಇಲ್ಲದೇ ಹೋದದ್ದು ಆ ಚೀಟಿಯೇ.

ಅಕ್ಕನಿಗೆ ಈ ಶುಕ್ರವಾರವೇ ಫೋನ್ ಮಾಡಿ. ಎಲ್ಲವನ್ನೂ ಫೋನಿನಲ್ಲಿ ಹೇಳಲು ಹೋಗಬೇಡಿ. ‘ಭಾವನ ವಿಷಯ ಮಾತಾಡೋದಿದೆ ಅಕ್ಕಾ, ರಜೆ ಹಾಕಿ ಬರ್ತೀನಿ’ ಅಂದರೆ ಸಾಕು. ‘ಹೂಂ’ ಅಂದರೂ ಇಡಬೇಡಿ, ಸ್ವಲ್ಪ ಹೊತ್ತು ಹಾಗೇ ಲೈನಿನಲ್ಲಿರಿ.